ಕೋಟ, ಗಂಗೊಳ್ಳಿ, ಬೈಂದೂರು ಮಾತ್ರ ‘ಫೈಲ್ ಸಿಗಲಿಲ್ಲ’ ಅನ್ನುತ್ತದೆ, ಉಳಿದ ಊರೆಲ್ಲ ಸರಿ (ಪೈಥಾನ್ ಲೈಬ್ರರಿ) [ಪರಿಹಾರವಾಗಿದೆ]

ಮಳೆಲೆಕ್ಕ, ಉಡುಪಿ

ನಮಸ್ಕಾರ. ಒಂದು ಸಣ್ಣ ಪೈಥಾನ್ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಡೆ ಅಡಿಕೆ ತೋಟದವರು ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದ ಮಳೆ ಬರೆದಿಡುತ್ತಾರಲ್ವಾ, ಅದನ್ನು ಓದಿ ತಿಂಗಳ ಲೆಕ್ಕ ಕೊಡುವುದಷ್ಟೇ ಅದರ ಕೆಲಸ. ಊರಿಗೊಂದು ಫೈಲ್. ಫೈಲಿನ ಹೆಸರೇ ಊರಿನ ಹೆಸರು, ಕನ್ನಡದಲ್ಲೇ.

ಒಟ್ಟು 11 ಊರು ಉಂಟು. ನನ್ನ ಮ್ಯಾಕ್‌ನಲ್ಲಿ ಎಲ್ಲವೂ ಓಡುತ್ತದೆ. ವಿಂಡೋಸ್‌ನಲ್ಲಿ ಮತ್ತು ಲಿನಕ್ಸ್‌ನಲ್ಲಿ ಕೋಟ, ಗಂಗೊಳ್ಳಿ, ಬೈಂದೂರು ಈ ಮೂರಕ್ಕೆ ಮಾತ್ರ ‘ಫೈಲ್ ಸಿಗಲಿಲ್ಲ’ ಎಂಬ ಎರರ್. ಉಡುಪಿ, ಮಲ್ಪೆ, ಕಾಪು, ಕಾರ್ಕಳ, ಹೆಬ್ರಿ, ಪಡುಬಿದ್ರಿ ಎಲ್ಲ ಸರಿ. ಮೂರೂ ಬಡಗು ಕಡೆಯ ಊರು ಅಂತ ಮೊದಲು ಸುಮ್ನೆ ನಕ್ಕೆ. ಆದರೆ ಬ್ರಹ್ಮಾವರ, ಕುಂದಾಪುರವೂ ಆ ಕಡೆಯವೇ, ಅವು ನಡೆಯುತ್ತವೆ!

ಫೋಲ್ಡರ್ ತೆರೆದು ನೋಡಿದರೆ ಫೈಲ್ ಕಣ್ಣೆದುರೇ ಇದೆ. ಎರಡು ರಾತ್ರಿ ಹೋಯಿತು. ಡಾಕ್ಯುಮೆಂಟೇಶನ್‌ನಲ್ಲಿ ಬೇರೆ ‘ಕನ್ನಡ ಹೆಸರುಗಳು ಮೂರೂ ಸಿಸ್ಟಂನಲ್ಲಿ ನಡೆಯುತ್ತವೆ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಮರ್ಯಾದೆ ಪ್ರಶ್ನೆ.

ಗೋಳಿಬಜೆ_ಪೈಥಾನ್, ಮಣಿಪಾಲ

ಸರ್, ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 (ಅಕ್ಷರಗಳನ್ನು ಫೈಲಿನೊಳಗೆ ಬರೆದಿಡುವ ಒಂದು ರೀತಿ) ಅಂತ ಕೊಟ್ಟಿದ್ದೀರಾ? ಕೊಡದಿದ್ದರೆ ವಿಂಡೋಸ್‌ನಲ್ಲಿ ಬೇರೆ ಎನ್‌ಕೋಡಿಂಗ್ ಹಿಡಿದುಕೊಳ್ಳುತ್ತದೆ. ನನಗೆ ಹೋದ ಸೆಮಿಸ್ಟರ್ ಪ್ರಾಜೆಕ್ಟ್‌ನಲ್ಲಿ ಇದೇ ಆಗಿತ್ತು.

ಮಳೆಲೆಕ್ಕ, ಉಡುಪಿ

ಕೊಟ್ಟಿದ್ದೇನೆ. ಅದು ಫೈಲಿನ ಒಳಗಿನ ಅಕ್ಷರಕ್ಕೆ ತಾನೇ? ಇಲ್ಲಿ ಫೈಲೇ ಸಿಗುತ್ತಿಲ್ಲ. ಲಿನಕ್ಸ್‌ನಲ್ಲೂ ಇದೇ ಕತೆ.

ಕದ್ರಿಗುಡ್ಡೆ, ಮಂಗಳೂರು

ಮಾರಾಯ್ರೆ, ಒಂದು ಕೆಲಸ ಮಾಡಿ. ಲಿನಕ್ಸ್‌ನಲ್ಲಿ ಫೋಲ್ಡರ್‌ನ ಪಟ್ಟಿ ತೆಗೆದು, ಕೋಟದ ಫೈಲ್ ಹೆಸರಿನ ಒಂದೊಂದೇ ಅಕ್ಷರಕ್ಕೆ ‘ಆರ್ಡ್’ ಫಂಕ್ಷನ್ (ಅದು ಅಕ್ಷರದ ಸಂಖ್ಯೆ ಕೊಡುತ್ತದೆ) ಹಾಕಿ ಪ್ರಿಂಟ್ ಮಾಡಿ. ಆಮೇಲೆ ನೀವೇ ಕೀಬೋರ್ಡ್‌ನಲ್ಲಿ ‘ಕೋಟ’ ಅಂತ ಟೈಪ್ ಮಾಡಿ ಅದಕ್ಕೂ ಹಾಗೇ. ಎರಡನ್ನೂ ಇಲ್ಲಿ ಹಾಕಿ. ಮತ್ತೆ, ಆ ಫೈಲ್‌ಗಳು ನಿಮಗೆ ಬಂದದ್ದು ಎಲ್ಲಿಂದ?

ಮಳೆಲೆಕ್ಕ, ಉಡುಪಿ

ಕರೆಂಟ್ ಹೋಗಿತ್ತು, ಈಗ ಬಂತು.

ನಾನು ಟೈಪ್ ಮಾಡಿದ್ದು: 3221, 3275, 3231
ಫೈಲಿನ ಹೆಸರು: 3221, 3270, 3266, 3285, 3231

ಇದೆಂತ ಅವಸ್ಥೆ! ಮೂರು ಇರಬೇಕಾದಲ್ಲಿ ಐದು. ಫೈಲ್‌ಗಳು ನನ್ನ ಸೋದರಮಾವನವು. ಅವರ ಹತ್ತಿರ ಒಂದು ಹಳೆಯ ಮ್ಯಾಕ್ ಉಂಟು, ಅದರಿಂದ ಜಿಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟರು. ನಾನು ಆಫೀಸಿನ ಲಿನಕ್ಸ್ ಮೆಷಿನ್‌ನಲ್ಲಿ ಬಿಚ್ಚಿ ಅಲ್ಲಿಂದಲೇ ಗಿಟ್‌ಗೆ (ಕೋಡ್, ಫೈಲ್ ಎಲ್ಲ ಇಡುವ ಕಡೆ) ಸೇರಿಸಿದೆ.

ಕದ್ರಿಗುಡ್ಡೆ, ಮಂಗಳೂರು

ಹಾಗಾದರೆ ಸಿಕ್ಕಿತು.

ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ ಬರೆಯಲು ಎರಡು ದಾರಿ ಉಂಟು. ಒಂದು, ಕ ಮತ್ತು ಓತ್ವ, ಅಂದರೆ 3275. ಇನ್ನೊಂದು, ಆ ಓತ್ವವನ್ನೇ ಬಿಡಿಸಿ ಎತ್ವ (3270), ಊಕಾರದ ಕೊಂಬು (3266), ಕೊನೆಗೆ ದೀರ್ಘ (3285). ಸ್ಲೇಟಿನಲ್ಲಿ ‘ಕೋ’ ಬರೆಯುವಾಗ ನಾವು ಕೈಯಲ್ಲಿ ಮಾಡುವುದೂ ಅದೇ ಅಲ್ವಾ, ಮೊದಲು ‘ಕೆ’, ಅದಕ್ಕೆ ಕೊಂಬು, ಮೇಲೊಂದು ದೀರ್ಘ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಅನ್ನುತ್ತಾರೆ.

ಕನ್ನಡದಲ್ಲಿ ಹೀಗೆ ಬಿಡಿಸಲು ಬರುವ ಸ್ವರಚಿಹ್ನೆ ಐದೇ: ಈತ್ವ, ಏತ್ವ, ಐತ್ವ, ಒತ್ವ, ಓತ್ವ. ಈಗ ನಿಮ್ಮ ಪಟ್ಟಿ ನೋಡಿ. ಕೋಟದಲ್ಲಿ ಓತ್ವ, ಗಂಗೊಳ್ಳಿಯಲ್ಲಿ ಒತ್ವ, ಬೈಂದೂರಿನಲ್ಲಿ ಐತ್ವ. ಉಳಿದ ಎಂಟು ಊರುಗಳಲ್ಲಿ ಈ ಐದರಲ್ಲಿ ಒಂದೂ ಇಲ್ಲ. ಮಲ್ಪೆ, ಹೆಬ್ರಿಯಲ್ಲಿ ಇರುವುದು ಬರೀ ಎತ್ವ, ಅದನ್ನು ಬಿಡಿಸಲಿಕ್ಕೆ ಏನೂ ಇಲ್ಲ.

ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಫೈಲ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಮಾವನ ಜಿಪ್‌ನಲ್ಲಿ ಹಾಗೇ ಬಂತು, ಲಿನಕ್ಸ್ ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಂಡಿತು. ವಿಂಡೋಸ್, ಲಿನಕ್ಸ್ ಎರಡಕ್ಕೂ ಇವು ಬೇರೆ ಬೇರೆ ಹೆಸರು. ನಿಮ್ಮ ಮ್ಯಾಕ್‌ನ ಎಪಿಎಫ್‌ಎಸ್ (ಹೊಸ ಮ್ಯಾಕ್‌ಗಳ ಡಿಸ್ಕ್ ವ್ಯವಸ್ಥೆ) ಮಾತ್ರ ಹುಡುಕುವಾಗ ಎರಡನ್ನೂ ಒಂದೇ ಅಂತ ನೋಡುತ್ತದೆ. ಅದಕ್ಕೇ ನಿಮ್ಮಲ್ಲಿ ಬಗ್ ಕಾಣಲೇ ಇಲ್ಲ.

ಗೋಳಿಬಜೆ_ಪೈಥಾನ್, ಮಣಿಪಾಲ

ಓ! ಹಾಗಾದರೆ ಕೇಳಿದ ಹೆಸರನ್ನು ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಿಂದ ಎನ್‌ಎಫ್‌ಸಿ ಮಾಡಿ ಓಪನ್ ಮಾಡಿದರೆ ಮುಗಿಯಿತಲ್ಲ ಸರ್, ಒಂದೇ ಸಾಲು.

ಕದ್ರಿಗುಡ್ಡೆ, ಮಂಗಳೂರು

ಮುಗಿಯುವುದಿಲ್ಲ ತಮ್ಮಾ. ಕೇಳಿದ ಹೆಸರು ಈಗಲೂ ಎನ್‌ಎಫ್‌ಸಿಯೇ. ಬಿಡಿಸಿಕೊಂಡು ಕೂತಿರುವುದು ಡಿಸ್ಕಿನಲ್ಲಿರುವ ಹೆಸರು.

ಫೋಲ್ಡರ್‌ನ ಪಟ್ಟಿ ತೆಗೆದು ಒಂದು ಡಿಕ್ಷನರಿ (ಕೀ ಕೊಟ್ಟರೆ ಅದರ ವ್ಯಾಲ್ಯೂ ಸಿಗುವ ಪಟ್ಟಿ) ಮಾಡಿ. ಪ್ರತಿ ಹೆಸರಿನ ಎನ್‌ಎಫ್‌ಸಿ ರೂಪ ಕೀ, ಡಿಸ್ಕಿನಲ್ಲಿ ಇದ್ದ ಹೆಸರು ಹಾಗೇ ವ್ಯಾಲ್ಯೂ. ಬಳಕೆದಾರರು ಕೊಟ್ಟದ್ದನ್ನು ಎನ್‌ಎಫ್‌ಸಿ ಮಾಡಿ ಕೀಯಲ್ಲಿ ಹುಡುಕಿ, ಓಪನ್ ಮಾಡುವುದು ವ್ಯಾಲ್ಯೂ. ಲಿನಕ್ಸ್‌ನಲ್ಲಿ ಒಂದೇ ಫೋಲ್ಡರ್‌ನಲ್ಲಿ ಎರಡು ‘ಕೋಟ’ ಇರಲಿಕ್ಕೂ ಸಾಕು. ಆಗ ಸುಮ್ಮನೆ ಒಂದನ್ನು ಆರಿಸಬೇಡಿ, ಎರರ್ ಕೊಡಿ. ಇಲ್ಲದಿದ್ದರೆ ಯಾರದೋ ಮಳೆ ಯಾರದೋ ಲೆಕ್ಕಕ್ಕೆ ಬೀಳುತ್ತದೆ.

ಗಿಟ್‌ನಲ್ಲಿರುವ ಆ ಮೂರು ಫೈಲ್‌ಗಳ ಹೆಸರನ್ನೂ ಸರಿಮಾಡಿ. ಲಿನಕ್ಸ್‌ನಲ್ಲೇ ಮಾಡಿ, ಮ್ಯಾಕ್‌ನಲ್ಲಿ ಒದ್ದಾಡಬೇಡಿ.

ಮಳೆಲೆಕ್ಕ, ಉಡುಪಿ

ಮಾಡಿದೆ, ಮೂರೂ ಸಿಸ್ಟಂನಲ್ಲಿ 11 ಊರೂ ಬಂತು. ದೊಡ್ಡ ಉಪಕಾರ ಅಣ್ಣ. ಆದರೆ ಹೊಸದಾಗಿ ಬರೆದ ಟೆಸ್ಟ್ ಈಗ ಮ್ಯಾಕ್‌ನಲ್ಲಿ ಬೀಳುತ್ತಿದೆ. ಟೆಂಪ್ ಫೋಲ್ಡರ್‌ನಲ್ಲಿ ಎರಡು ಥರದ ಕೋಟವನ್ನೂ ಮಾಡಿ, ಎರಡು ಫೈಲ್ ಇದ್ದಾವೆಯೇ ಅಂತ ನೋಡುತ್ತೇನೆ. ಒಂದೇ ಸಿಗುತ್ತದೆ.

ಕದ್ರಿಗುಡ್ಡೆ, ಮಂಗಳೂರು

ಸಿಗುವುದು ಒಂದೇ. ಮ್ಯಾಕ್‌ಗೆ ಅವೆರಡೂ ಒಂದೇ ಫೈಲ್ ಅಂತ ಆಗಲೇ ಹೇಳಿದೆನಲ್ಲ. ಒಂದು ಸಲಕ್ಕೆ ಒಂದನ್ನೇ ಮಾಡಿ ಪರೀಕ್ಷಿಸಿ. ಎರಡೂ ಒಟ್ಟಿಗೆ ಇರುವ ಟೆಸ್ಟನ್ನು ಲಿನಕ್ಸ್‌ಗೆ ಮಾತ್ರ ಇಡಿ.

ಇನ್ನು ನಿಮ್ಮ ಡಾಕ್ಯುಮೆಂಟೇಶನ್ ನೋಡಿದೆ. ಬೇಸರ ಮಾಡಬೇಡಿ. ಅದರಲ್ಲಿ ಎಲ್ಲ ಉದಾಹರಣೆಯೂ ‘ಉಡುಪಿ’. ಮೊದಲ ಪುಟ ಉಡುಪಿ, ತಿಂಗಳ ಲೆಕ್ಕಕ್ಕೆ ಉಡುಪಿ, ಎರರ್ ಬರುವುದಕ್ಕೂ ಉಡುಪಿ! ಊರ ಅಭಿಮಾನ ಸರಿ, ಆದರೆ ಈ ಬಗ್‌ನ ಮಟ್ಟಿಗೆ ಏನೂ ತೊಂದರೆ ಕೊಡದ ಹೆಸರು ಅದು. ಪೈಥಾನ್‌ನ ಡಾಕ್‌ಟೆಸ್ಟ್ ಹಾಕಿ ಉದಾಹರಣೆಗಳನ್ನು ಓಡಿಸುತ್ತಿದ್ದೀರಿ, ಒಳ್ಳೆಯದೇ, ಆದರೆ ಉಡುಪಿಗೆ ಅದು ಯಾವತ್ತೂ ಪಾಸ್. ಉದಾಹರಣೆಯನ್ನು ‘ಕೋಟ’ ಮಾಡಿ, ಫೈಲ್ ಹೆಸರನ್ನು ಬೇಕೆಂದೇ ಬಿಡಿಸಿ ಇಡಿ. ಡಾಕ್‌ಟೆಸ್ಟನ್ನು ಮೂರೂ ಸಿಸ್ಟಂನಲ್ಲಿ ಓಡಿಸಿ. ಆಮೇಲೆ ದಪ್ಪಕ್ಷರದಲ್ಲಿ ಬೇಕಾದರೆ ಬರೆಯಿರಿ.

ಗೋಳಿಬಜೆ_ಪೈಥಾನ್, ಮಣಿಪಾಲ

ಹೊಸ ವರ್ಷನ್ ಹಾಕಿ ನೋಡಿದೆ ಸರ್. ನನ್ನದು ಸುರತ್ಕಲ್ ಫೈಲ್, ಅದು ಸಿಗುತ್ತಿಲ್ಲ. ಅದರಲ್ಲಿ ಆ ಐದು ಚಿಹ್ನೆ ಯಾವುದೂ ಇಲ್ಲವಲ್ಲ? ಆರ್ಡ್ ಹಾಕಿದರೆ ನಡುವೆ 8204 ಅಂತ ಒಂದು ಬರುತ್ತದೆ.

ಕದ್ರಿಗುಡ್ಡೆ, ಮಂಗಳೂರು

ಅದು ಕಣ್ಣಿಗೆ ಕಾಣದ ಬೇರ್ಪಡಿಸುವ ಅಕ್ಷರ. ಅದನ್ನು ಹಾಕಿದರೆ ‘ಸುರತ್‌ಕಲ್’, ಹಾಕದಿದ್ದರೆ ಒತ್ತಕ್ಷರವಾಗಿ ‘ಸುರತ್ಕಲ್’. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ಮಳೆಲೆಕ್ಕದವರೇ, ಇದನ್ನು ನೀವಾಗಿ ತೆಗೆದುಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಕಾಣುವ ರೂಪವೇ ಬದಲಾಗುತ್ತದೆ, ಬರೆದವರು ಬೇಕೆಂದೇ ಹಾಗೆ ಬರೆದಿರಬಹುದು.

ಮಳೆಲೆಕ್ಕ, ಉಡುಪಿ

ಒಪ್ಪಿದೆ, ತೆಗೆಯುವುದಿಲ್ಲ. ಎರರ್ ಬಂದಾಗ ಹತ್ತಿರದ ಹೆಸರನ್ನು ‘ಇದಾ?’ ಅಂತ ತೋರಿಸುವ ಹಾಗೆ ಮಾಡಿದ್ದೇನೆ. ದಪ್ಪಕ್ಷರದ ಸಾಲು ತೆಗೆದು ಹೀಗೆ ಬರೆದೆ: ‘ಬಿಡಿಸಿದ ಮತ್ತು ಕೂಡಿಸಿದ ಸ್ವರಚಿಹ್ನೆ ಎರಡೂ ನಡೆಯುತ್ತದೆ. ಸುರತ್ಕಲ್, ಸುರತ್‌ಕಲ್ ಇವನ್ನು ಬೇರೆ ಬೇರೆ ಊರು ಎಂದೇ ನೋಡುತ್ತದೆ.’ ಉದಾಹರಣೆಗಳೆಲ್ಲ ಈಗ ಕೋಟ.

ಮಾವನಿಗೆ ಫೋನ್ ಮಾಡಿ ಇಷ್ಟನ್ನೂ ವಿವರಿಸಿದೆ. ‘ಅದೆಲ್ಲ ಇರಲಿ, ಕೋಟದ ಜೂನ್ ಲೆಕ್ಕ ಬಂತಾ?’ ಅಂತ ಕೇಳಿದರು. ಬಂತು.