ಅಮ್ಮನಿಗೆ ಓದಿ ಹೇಳೋಕೆ ಡಿಸೆಂಬರ್‌ಗೊಂದು ಪುಸ್ತಕ: ಭಕ್ತಿಯೂ ಇರಬೇಕು, ಇತಿಹಾಸವೂ ಇರಬೇಕು

ಮಡಚಿದ ಪುಟ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ನನಗೆ ಇದೇ ತಲೆನೋವು. ಕ್ರಿಸ್‌ಮಸ್ ಬರುವಷ್ಟರಲ್ಲಿ ಮನಸ್ಸಿಗೆ ಹಿತವಾಗುವ, ಹಾಗಂತ ತಲೆಗೂ ಸ್ವಲ್ಪ ಕೆಲಸ ಕೊಡುವ ಒಂದು ಪುಸ್ತಕ ಓದೋಣ ಅಂತ ಹುಡುಕಲು ಕೂರುತ್ತೇನೆ. ಸಿಗುವುದು ಎರಡೇ ಥರ. ಒಂದು, ಮೊದಲ ಅಧ್ಯಾಯದಲ್ಲಿ ಮನೆ ಮುರಿದು, ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಕೂಡಿ ಪ್ರಾರ್ಥನೆ ಮಾಡಿ ಸರಿಹೋಗುವ ಕಾದಂಬರಿ. ನಡುವೆ ಸುಮ್ನೆ ಹಿಮ ಬೀಳುತ್ತಲೇ ಇರುತ್ತದೆ. ಇನ್ನೊಂದು, "ನೀವು ನಂಬಿದ್ದು ಯಾವುದೂ ನಡೆದೇ ಇಲ್ಲ" ಅನ್ನುವ ಧಾಟಿಯ ಇತಿಹಾಸ.

ನಾನೊಬ್ಬಳೇ ಓದುವುದಾದರೆ ಹೇಗೋ ಆಗುತ್ತಿತ್ತು. ಎರಡು ವರ್ಷದಿಂದ ಅಮ್ಮನ ಕಣ್ಣು ಮಂಜಾಗಿದೆ. ರಾತ್ರಿ ಅರ್ಧ ಗಂಟೆ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅಮ್ಮನಿಗೆ ಭಕ್ತಿ ಜಾಸ್ತಿ, ಆದರೆ ಪ್ರಶ್ನೆ ಅದಕ್ಕಿಂತ ಜಾಸ್ತಿ. ಕಳೆದ ವರ್ಷ ಒಂದು ಇತಿಹಾಸದ ಪುಸ್ತಕ ಓದುತ್ತಿದ್ದೆ. ಯೇಸು ಹುಟ್ಟಿದಾಗಿನ ಜನಗಣತಿಯ ಕಾಲ ಲೆಕ್ಕಕ್ಕೆ ಕೂರುವುದಿಲ್ಲ ಅನ್ನುವ ಜಾಗ ಬಂತು. ಅಮ್ಮನಿಗೆ ಬೇಜಾರಾದೀತು ಅಂತ ಗೊತ್ತಾಗದ ಹಾಗೆ ಎರಡು ಹಾಳೆ ಒಟ್ಟಿಗೆ ಮಗುಚಿದೆ. ಕಣ್ಣು ಮುಚ್ಚಿಕೊಂಡು ಕೂತಿದ್ದ ಅಮ್ಮ "ಒಂದು ಹಾಳೆ ಬಿಟ್ಟೆ ಅಲ್ವಾ?" ಅಂದಳು. ಮಗುಚುವ ಸದ್ದು ದಪ್ಪ ಬಂತಂತೆ! ಅಲ್ಲಿಗೆ ಆ ಪುಸ್ತಕ ನಿಂತಿತು. ನಾಚಿಕೆಯಾಗಿ ನಾನೇ ಮತ್ತೆ ತೆಗೆಯಲಿಲ್ಲ.

ಈ ಸಲ ಏನು ಓದಲಿ? ಗಟ್ಟಿಯಾಗಿ ಓದಿದರೆ ಕೇಳೋಕೆ ಚೆನ್ನಾಗಿರಬೇಕು, ದಿನಕ್ಕೆ ಅರ್ಧ ಗಂಟೆಯಂತೆ ಹಬ್ಬದೊಳಗೆ ಮುಗಿಯಬೇಕು, ಉಪದೇಶ ಕಡಿಮೆ ಇರಬೇಕು.

ರಾತ್ರಿ ಪಾಳಿ

ಹೊಸ ಪುಸ್ತಕ ಯಾಕೆ? ಬೈಬಲ್‌ನಲ್ಲಿ ಯೇಸುವಿನ ಬದುಕು ಹೇಳುವ ಲೂಕನ ಸುವಾರ್ತೆ ತೆಗೆಯಿರಿ. ಸರಿಯಾಗಿ 24 ಅಧ್ಯಾಯ. ಡಿಸೆಂಬರ್ 1ಕ್ಕೆ ಶುರು ಮಾಡಿದರೆ 24ರ ರಾತ್ರಿ ಮುಗಿಯುತ್ತದೆ, ದಿನಕ್ಕೆ ಒಂದೇ ಅಧ್ಯಾಯ. ಮೊದಲ ಅಧ್ಯಾಯ 80 ವಚನ ಇದೆ, ಅದೇ ಸ್ವಲ್ಪ ಉದ್ದ. ಆದರೂ ಅರ್ಧ ಗಂಟೆ ಬೇಕಾಗಲ್ಲ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಹುಟ್ಟಿನ ಕತೆ ಎರಡನೇ ಅಧ್ಯಾಯಕ್ಕೇ ಮುಗಿದುಹೋಗುತ್ತದೆ. ಊರೆಲ್ಲ ದೀಪ ಹಚ್ಚುವ ಹೊತ್ತಿಗೆ, 23ನೇ ತಾರೀಕು, ನೀವು ಶಿಲುಬೆಯ ಅಧ್ಯಾಯದಲ್ಲಿ ಇರುತ್ತೀರಿ. ಮೊದಲ ವರ್ಷ ನನಗೆ ಇದು ತೀರಾ ವಿಚಿತ್ರ ಅನ್ನಿಸಿತು. ಹಬ್ಬದ ಸಡಗರದ ನಡುವೆ ಕೂತು ಆ ಪುಟ ಓದೋಕೆ ಮನಸ್ಸೇ ಬರಲಿಲ್ಲ. ಈಗ ಅದಿಲ್ಲದೆ ಗೋದಲಿಯ ಕತೆ ಅರ್ಧಕ್ಕೆ ನಿಂತ ಹಾಗೆ ಅನ್ನಿಸುತ್ತದೆ.

ಇತಿಹಾಸವೂ ಬೇಕು ಅಂದಿರಲ್ಲ, ಲೂಕ ಶುರು ಮಾಡುವುದೇ ಹಾಗೆ. ಇದನ್ನೆಲ್ಲ ಬರೆಯೋಕೆ ಈಗಾಗಲೇ ಬಹಳ ಜನ ಕೈಹಾಕಿದ್ದಾರೆ, ನಾನೂ ಮೊದಲಿಂದ ಎಲ್ಲವನ್ನೂ ವಿಚಾರಿಸಿ ನೋಡಿ ಬರೆಯುತ್ತಿದ್ದೇನೆ ಅಂತ. ಪ್ರಶ್ನೆ ಕೇಳುವ ಅಮ್ಮಂದಿರಿಗೆ ಇವನೇ ಸರಿ.

ಹಳೇ ನಕಾಶೆ

ಮಡಚಿದ ಪುಟ ಅವರೇ, ಆ ಹಾಳೆ ಬಿಡಬಾರದಿತ್ತು. ಬೈಯುತ್ತಿಲ್ಲ, ನಾನೂ ಪಾಠ ಮಾಡುವಾಗ ಇದೇ ಜಾಗದಲ್ಲಿ ಬೇಗ ಬೇಗ ದಾಟಿದ್ದೇನೆ.

ತೊಡಕು ಇಷ್ಟೇ. ಹೆರೋದ ರಾಜನ ಕಾಲದಲ್ಲಿ ಕತೆ ಶುರುವಾಗುತ್ತದೆ ಅಂತ ಲೂಕ ಹೇಳುತ್ತಾನೆ. ಕುರೇನ್ಯ ಸಿರಿಯದ ಅಧಿಪತಿ ಆಗಿದ್ದಾಗ ಜನಗಣತಿ ಆಯಿತು ಅಂತಲೂ ಹೇಳುತ್ತಾನೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಅನ್ನುವುದು ಹೆಚ್ಚಿನ ವಿದ್ವಾಂಸರು ಒಪ್ಪುವ ಲೆಕ್ಕ. ಕುರೇನ್ಯನ ಗಣತಿ ಆದದ್ದು ಕ್ರಿ.ಶ. 6ರಲ್ಲಿ ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದದ್ದರಿಂದ ಗೊತ್ತಾಗುತ್ತದೆ. ನಡುವೆ ಸುಮಾರು ಹತ್ತು ವರ್ಷ. ಇದನ್ನು ಹೊಂದಿಸೋಕೆ ಜನ ಏನೇನೋ ದಾರಿ ಹುಡುಕಿದ್ದಾರೆ, ಯಾವುದೂ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಇನ್ನು ನಾವು ಬಳಸುವ ಕ್ರಿ.ಶ. ಲೆಕ್ಕ ಹಾಕಿದ್ದು ಡಯೊನೀಸಿಯಸ್ ಅನ್ನುವ ಸನ್ಯಾಸಿ, ಅದೂ 525ರಲ್ಲಿ. ಅವನ ಲೆಕ್ಕ ಕೆಲವು ವರ್ಷ ತಪ್ಪಿದೆ. ಹಾಗಾಗಿ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ ಅಂತ ಹೇಳಬೇಕಾಗಿ ಬಂದಿದೆ! ಮಕ್ಕಳಿಗೆ ಇದನ್ನು ಹೇಳಿದರೆ ತರಗತಿ ಪೂರ್ತಿ ಎಚ್ಚರವಾಗುತ್ತದೆ.

ಆದರೆ ನನಗೆ ಇದಕ್ಕಿಂತ ಇಷ್ಟವಾದದ್ದು ಛತ್ರದ ವಿಷಯ. ಛತ್ರದಲ್ಲಿ ಜಾಗ ಇರಲಿಲ್ಲ ಅಂತ ನಮ್ಮ ಹಳೇ ಕನ್ನಡ ಬೈಬಲ್‌ನಲ್ಲಿ ಇದೆ, ನಾಟಕಗಳಲ್ಲೂ ಛತ್ರದವನೊಬ್ಬ ಬಂದು ಬಾಗಿಲು ಹಾಕಿಕೊಳ್ಳುತ್ತಾನೆ. ಲೂಕ ಅಲ್ಲಿ ಬಳಸಿದ ಗ್ರೀಕ್ ಮಾತು ಕಟಾಲುಮಾ. ಅದೇ ಮಾತನ್ನು 22ನೇ ಅಧ್ಯಾಯದಲ್ಲಿ ಕೊನೆಯ ಊಟ ಮಾಡಿದ ಕೋಣೆಗೂ ಬಳಸುತ್ತಾನೆ. ಅದೇ ಲೂಕನಲ್ಲಿ ಯೇಸು ಹೇಳುವ ಒಳ್ಳೆಯ ಸಮಾರ್ಯದವನ ಕತೆಯಲ್ಲಿ ನಿಜವಾದ ಛತ್ರ ಬಂದಾಗ ಮಾತು ಬೇರೆ. ಅಂದರೆ ಇದು ಯಾರದೋ ಮನೆಯ ಅತಿಥಿ ಕೋಣೆ ಇರಬಹುದು, ನೆಂಟರು ತುಂಬಿ ಜಾಗ ಇಲ್ಲದೆ ಮಗುವನ್ನು ಗೋದಲಿಯಲ್ಲಿ ಮಲಗಿಸಿರಬಹುದು. ಬಾಗಿಲು ಹಾಕಿಕೊಂಡ ಆ ಪಾಪದವನು ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಎರಡು ಸಾವಿರ ವರ್ಷದಿಂದ ಸುಮ್ನೆ ಬೈಸಿಕೊಳ್ಳುತ್ತಿದ್ದಾನೆ.

ಇಂಥದ್ದನ್ನು ಕೇಳಿದರೆ ನಂಬುವವರ ಭಕ್ತಿ ಕಡಿಮೆಯಾಗುತ್ತೆ ಅಂತ ನನಗಂತೂ ಅನ್ನಿಸಿಲ್ಲ. ಓದಿದ ಕತೆಯನ್ನೇ ಮತ್ತೆ ತೆಗೆದು ನೋಡುವ ಹಾಗಾಗುತ್ತದೆ, ಅಷ್ಟೇ.

ಅರ್ಧಕ್ಕೆ ಬಿಟ್ಟವನು

ನಾನು ಕ್ರೈಸ್ತನಲ್ಲ, ದೇವರ ವಿಷಯದಲ್ಲಿ ಎಲ್ಲೂ ಸರಿಯಾಗಿ ನಿಂತವನೂ ಅಲ್ಲ. ಆದರೆ ಕಾದಂಬರಿ ಓದುವವನು. ಬೆನ್‌-ಹರ್ ಹೇಳಲಾ? ಸಿನಿಮಾ ನೋಡಿದವರು ರಥದ ಓಟ ಅಂದುಕೊಳ್ಳುತ್ತಾರೆ. ಪುಸ್ತಕ ಶುರುವಾಗುವುದು ಮರುಭೂಮಿಯಲ್ಲಿ, ಮಗು ಯೇಸುವನ್ನು ನೋಡಲು ಹೊರಟ ಮೂವರು ಜ್ಞಾನಿಗಳು ಒಂಟೆಯ ಮೇಲೆ ಬಂದು ಸೇರುವುದರಿಂದ. ಒಬ್ಬ ಈಜಿಪ್ಟಿನವನು, ಒಬ್ಬ ಗ್ರೀಕ್, ಇನ್ನೊಬ್ಬ ಹಿಂದೂ!

ಪುಸ್ತಕಕ್ಕಿಂತ ಅದು ಹುಟ್ಟಿದ ಕತೆ ಚೆನ್ನಾಗಿದೆ. ಬರೆದ ಲೂ ವಾಲೇಸ್ ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದವನು. 1876ರಲ್ಲಿ ರೈಲಿನಲ್ಲಿ ಹೋಗುವಾಗ ರಾಬರ್ಟ್ ಇಂಗರ್‌ಸಾಲ್ ಸಿಕ್ಕ. ಆ ಕಾಲದಲ್ಲಿ ಧರ್ಮವನ್ನು ಪ್ರಶ್ನಿಸಿ ಭಾಷಣ ಮಾಡುವುದರಲ್ಲಿ ದೊಡ್ಡ ಹೆಸರು ಅವನದು. ಇಬ್ಬರೂ ದೇವರು, ಸ್ವರ್ಗ, ಕ್ರಿಸ್ತ ಅಂತ ಮಾತಾಡಿಕೊಂಡು ಹೋದರು. ಇಂಗರ್‌ಸಾಲ್ ಹೇಳಿದ್ದಕ್ಕೆ ಹೌದು ಅನ್ನೋಕೂ ಅಲ್ಲ ಅನ್ನೋಕೂ ತನಗೆ ಏನೂ ಗೊತ್ತಿಲ್ಲವಲ್ಲ ಅಂತ ವಾಲೇಸ್‌ಗೆ ನಾಚಿಕೆಯಾಯಿತಂತೆ. ಆಮೇಲೆ ಗ್ರಂಥಾಲಯದಲ್ಲಿ ಕೂತು ಓದಿ, ನಕ್ಷೆ ನೋಡಿ, ಪವಿತ್ರ ಭೂಮಿಗೆ ಒಮ್ಮೆಯೂ ಕಾಲಿಡದೆ ಪುಸ್ತಕ ಮುಗಿಸಿದ. 1880ರಲ್ಲಿ ಬಂತು. ಆ ಕಡೆ ಹೋಗಿ ನೋಡಿದ್ದು ಆಮೇಲೆ.

ದೋಷ ಹೇಳಬೇಕು ಅಂದರೆ, ಉದ್ದ. ಒಂಟೆ ಒಂದು ದಿಬ್ಬ ಇಳಿಯೋಕೆ ಒಂದು ಪುಟ ತೆಗೆದುಕೊಳ್ಳುತ್ತದೆ. ನಾನು ಮೂರು ಸಲ ಅರ್ಧಕ್ಕೆ ಬಿಟ್ಟು ನಾಲ್ಕನೇ ಸಲ ಮುಗಿಸಿದೆ. ದಿನಕ್ಕೆ ಅರ್ಧ ಗಂಟೆ ಓದಿದರೆ ಹಬ್ಬದೊಳಗೆ ಮುಗಿಯುವುದಿಲ್ಲ. ಮೊದಲ ಭಾಗ ಮಾತ್ರ ಓದಿ, ಜ್ಞಾನಿಗಳ ಕತೆ ಅಷ್ಟರಲ್ಲೇ ಬರುತ್ತದೆ.

ಹಳೇ ನಕಾಶೆ

ಜ್ಞಾನಿಗಳ ಕತೆ ಬರುವುದು ಮತ್ತಾಯನ ಸುವಾರ್ತೆಯಲ್ಲಿ. ಅವನು ಮಾತ್ರ ಜ್ಞಾನಿಗಳು ಮೂವರು ಅಂತ ಎಲ್ಲೂ ಬರೆದಿಲ್ಲ. ಕಾಣಿಕೆ ಮೂರು, ಅದಕ್ಕೆ ಜನ ಮೂವರು ಅಂದುಕೊಂಡರು. ರಾಜರು ಅಂತಲೂ ಇಲ್ಲ, ಒಂಟೆಯೂ ಇಲ್ಲ.

ಅರ್ಧಕ್ಕೆ ಬಿಟ್ಟವನು

ಸಾರ್, ಒಂಟೆಯನ್ನೂ ಕಿತ್ತುಕೊಂಡರೆ ನಾನು ನಾಲ್ಕು ಸಲ ಓದಿದ್ದಕ್ಕೆ ಏನು ಬೆಲೆ?

ಗಂಟೆ ಸದ್ದು

ನನ್ನ ದೂರು ಬೇರೆ. ಹಬ್ಬಕ್ಕೆ ಬರುವ ಪುಸ್ತಕಗಳು ದಂತಕತೆಯನ್ನು ಇತಿಹಾಸ ಅಂತ ಬಡಿಸುತ್ತವೆ. "ಸೈಲೆಂಟ್ ನೈಟ್" ಹಾಡನ್ನೇ ನೋಡಿ. ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನ ಚರ್ಚಿನಲ್ಲಿ ಇಲಿಗಳು ಆರ್ಗನ್ ಕಡಿದು ಹಾಕಿದವು, ಪಾದ್ರಿ ಜೋಸೆಫ್ ಮೋರ್ ಗಾಬರಿಯಾಗಿ ಅದೇ ರಾತ್ರಿ ಕೂತು ಹಾಡು ಬರೆದ ಅಂತ ಎಷ್ಟು ಕಡೆ ಓದಿದ್ದೀರಿ? ನಾನು ಮಕ್ಕಳಿಗೆ ವರ್ಷಗಟ್ಟಲೆ ಇದನ್ನೇ ಹೇಳಿದೆ, ಇಲಿಯ ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸಿದೆ. ಅದು ಮೊದಲು ಹಾಡಿದ್ದು 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಗಿಟಾರ್ ಜೊತೆ. ಅದು ನಿಜ. ರಾಗ ಹಾಕಿದ್ದು ಫ್ರಾನ್ಸ್ ಗ್ರೂಬರ್, ಅದೂ ನಿಜ. ಆದರೆ ಮೋರ್ ಕೈಬರಹದ ಒಂದು ಹಾಳೆ 1995ರಲ್ಲಿ ಸಿಕ್ಕಿತು. ಪದ್ಯ ಬರೆದದ್ದು 1816ರಲ್ಲೇ ಅಂತ ಅದರಲ್ಲಿದೆ. ಎರಡು ವರ್ಷ ಪದ್ಯ ಸುಮ್ನೆ ಅವನ ಹತ್ತಿರ ಇತ್ತು.

1816 ಅಂದರೆ ಏನು ವರ್ಷ ಗೊತ್ತಾ? ಅದರ ಹಿಂದಿನ ವರ್ಷ ತಂಬೋರಾ ಜ್ವಾಲಾಮುಖಿ ಸಿಡಿದು, ಯುರೋಪಿನಲ್ಲಿ ಆ ಸಲ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಯಿತು, ಜನ ಹಸಿದರು. ನೆಪೋಲಿಯನ್‌ನ ಯುದ್ಧ ಆಗಷ್ಟೇ ಮುಗಿದಿತ್ತು. ಅಂಥ ವರ್ಷದಲ್ಲಿ ಒಬ್ಬ ಎಳೇ ಪಾದ್ರಿ ಶಾಂತ ರಾತ್ರಿ ಅಂತ ಬರೆದ. ಇಷ್ಟು ಇರುವಾಗ ಇಲಿ ಯಾಕೆ ಬೇಕು?

ಸಣ್ಣಕ್ಷರ

ಇಲಿ ಇರಲಿ ಬಿಡಿ, ಮಕ್ಕಳಿಗೆ ಬೇಕು. ದಂತಕತೆಯನ್ನು ದಂತಕತೆ ಅಂತಲೇ ಹೇಳುವ ಪುಸ್ತಕವೂ ಇದೆಯಲ್ಲ. ಸ್ವೀಡನ್ನಿನ ಸೆಲ್ಮಾ ಲಾಗರ್‌ಲೋಫ್, ಸಾಹಿತ್ಯಕ್ಕೆ ನೊಬೆಲ್ ಪಡೆದ ಮೊದಲ ಹೆಂಗಸು, 1909ರಲ್ಲಿ. ಕ್ರಿಸ್ತನ ಸುತ್ತ ಹುಟ್ಟಿದ ಜನಪದ ಕತೆಗಳದ್ದು ಅವರ ಒಂದು ಸಂಕಲನ ಇದೆ, 1904ರದ್ದು. ಮೊದಲ ಕತೆಯನ್ನು ಅಜ್ಜಿ ಮೊಮ್ಮಗಳಿಗೆ ಹೇಳುತ್ತಾಳೆ. ಹೆಂಡತಿಗೆ ಹೆರಿಗೆಯಾಗಿದೆ, ಚಳಿ, ಗಂಡ ಕೆಂಡ ಕೇಳಿಕೊಂಡು ಹೊರಟಿದ್ದಾನೆ. ಕುರುಬನ ನಾಯಿಗಳು ಮೈಮೇಲೆ ಬಿದ್ದರೂ ಕಚ್ಚುವುದಿಲ್ಲ. ಬರಿಗೈಯಲ್ಲಿ ಕೆಂಡ ಎತ್ತಿಕೊಂಡರೂ ಸುಡುವುದಿಲ್ಲ. ಮಹಾ ಸಿಡುಕನಾದ ಆ ಮುದಿ ಕುರುಬ ಇದೆಂಥ ರಾತ್ರಿ ಅಂತ ಅವನ ಹಿಂದೆಯೇ ಹೋಗುತ್ತಾನೆ. ಒಂದೇ ಕೂತಲ್ಲಿ ಮುಗಿಯುತ್ತದೆ, ಗಟ್ಟಿಯಾಗಿ ಓದೋಕೆ ಹೇಳಿ ಮಾಡಿಸಿದ ಹಾಗಿದೆ.

ಡಿಕನ್ಸ್‌ನ ಕ್ರಿಸ್‌ಮಸ್ ಕರೋಲ್ ಕೂಡ ಆಗುತ್ತದೆ. ಐದೇ ಭಾಗ, ಐದು ರಾತ್ರಿ. 1843ರ ಡಿಸೆಂಬರ್ 19ಕ್ಕೆ ಬಂದು ಹಬ್ಬದ ಹಿಂದಿನ ದಿನದೊಳಗೆ 6000 ಪ್ರತಿ ಖಾಲಿಯಾದ ಪುಸ್ತಕ. ಹತ್ತು ವರ್ಷ ಆದಮೇಲೆ ಅವನೇ ಸಭೆಯಲ್ಲಿ ನಿಂತು ಅದನ್ನು ಓದೋಕೆ ಶುರು ಮಾಡಿದ. ಅದರಲ್ಲಿ ದೇವರೇ ಇಲ್ಲ, ಬರೀ ದೆವ್ವ ಅಂತ ಕೆಲವರು ಅನ್ನುತ್ತಾರೆ. ಅದರಲ್ಲಿ ಊರುಗೋಲು ಹಿಡಿದು ನಡೆಯುವ ಪುಟ್ಟ ಹುಡುಗ ಟಿಮ್ ಚರ್ಚಿನಿಂದ ಬರುವಾಗ ಅಪ್ಪನಿಗೆ ಹೇಳುವ ಮಾತು ಓದಿ ನೋಡಿ. ಜನ ನನ್ನನ್ನು ನೋಡಿರಲಿ, ಕುಂಟರನ್ನು ನಡೆಸಿದವನು ಯಾರು ಅಂತ ಈ ದಿನ ಅವರಿಗೆ ನೆನಪಾಗಲಿ ಅನ್ನುತ್ತಾನೆ. ಆ ಒಂದು ಸಾಲಿನಲ್ಲಿ ನನ್ನ ಗಂಟಲು ಪ್ರತಿ ಸಲ ಕಟ್ಟುತ್ತದೆ, ಓದಿ ಹೇಳುವ ಕೆಲಸ ಪಕ್ಕದವರಿಗೆ ಕೊಡುತ್ತೇನೆ.

ರಾತ್ರಿ ಪಾಳಿ

ಕನ್ನಡದ್ದೇ ಬೇಕಾದರೆ ಗೋವಿಂದ ಪೈಗಳ "ಗೊಲ್ಗೊಥಾ" ಇದೆ, ಕ್ರಿಸ್ತನ ಕೊನೆಯ ದಿನದ ಮೇಲೆ. ಹಬ್ಬಕ್ಕಿಂತ ಶುಭ ಶುಕ್ರವಾರಕ್ಕೆ ಹೊಂದುತ್ತದೆ. ಭಾಷೆ ಬಿಗಿ. ಮೊದಲು ಒಬ್ಬರೇ ಎರಡು ಸಲ ಓದಿಕೊಂಡು ಆಮೇಲೆ ಅಮ್ಮನ ಮುಂದೆ ಕೂರಿ.

ಮಡಚಿದ ಪುಟ

ಎಲ್ಲರಿಗೂ ಥ್ಯಾಂಕ್ಸ್. ಲೂಕನನ್ನೇ ಹಿಡಿದೆ. ನಿನ್ನೆ ಎರಡನೇ ಅಧ್ಯಾಯ. ಜನಗಣತಿ ಬಂದ ಕೂಡಲೇ ಪುಸ್ತಕ ಮಡಿಲಲ್ಲಿಟ್ಟು, ಕಳೆದ ವರ್ಷ ಬಿಟ್ಟ ಹಾಳೆ ಇದೇ ಅಂತ ಹೆರೋದ, ಕುರೇನ್ಯ, ಹತ್ತು ವರ್ಷ, ಎಲ್ಲ ಹೇಳಿಬಿಟ್ಟೆ. ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ "ಅದಿರಲಿ. ತುಂಬು ಬಸುರಿಯನ್ನು ಅಷ್ಟು ದೂರ ಯಾಕೆ ಕರೆಸಿದರು? ಗಂಡ ಒಬ್ಬನೇ ಹೋಗಿ ಹೆಸರು ಬರೆಸಿದ್ದರೆ ಆಗುತ್ತಿರಲಿಲ್ವಾ?" ಅಂದಳು.

ಹಳೇ ನಕಾಶೆ ಸಾರ್, ಇದಕ್ಕೆ ಏನು ಹೇಳಲಿ?

ಹಳೇ ನಕಾಶೆ

ನಿಮ್ಮ ಅಮ್ಮ ವಿದ್ವಾಂಸರು ಜಗಳವಾಡುವ ಜಾಗಕ್ಕೇ ಕೈಹಾಕಿದ್ದಾರೆ. ನಜರೇತಿನಿಂದ ಬೆತ್ಲೆಹೇಮಿಗೆ 100 ಕಿಲೋಮೀಟರಿಗೂ ಜಾಸ್ತಿ, ಗುಡ್ಡದ ದಾರಿ. ಕತ್ತೆಯ ಮಾತೂ ಲೂಕನಲ್ಲಿ ಇಲ್ಲ. ಜನ ಅವರವರ ಸ್ವಂತ ಮನೆಗೆ ಹೋಗಿ ಗಣತಿ ಕೊಡಬೇಕು ಅಂತ ಈಜಿಪ್ಟಿನಲ್ಲಿ ರೋಮನ್ ಅಧಿಕಾರಿ ಹೊರಡಿಸಿದ ಒಂದು ಆಜ್ಞೆ ಸಿಕ್ಕಿದೆ, ಕ್ರಿ.ಶ. 104ರದ್ದು. ಲೂಕನ ಪರ ಇರುವವರು ಅದನ್ನು ತೋರಿಸುತ್ತಾರೆ. ಆದರೆ ಅದು ಜನ ಆಗ ವಾಸವಿದ್ದ ಮನೆ, ಲೂಕ ಹೇಳುವುದು ದಾವೀದನ ವಂಶದ ಊರು. ಯೋಸೇಫ ಹೆಂಡತಿ ಮರಿಯಳನ್ನೂ ಯಾಕೆ ಕರೆದುಕೊಂಡು ಹೋದ ಅನ್ನುವುದಕ್ಕೆ ಲೂಕ ಉತ್ತರ ಕೊಟ್ಟಿಲ್ಲ. ಒಬ್ಬಳನ್ನೇ ಬಿಟ್ಟು ಹೋಗೋಕೆ ಮನಸ್ಸು ಬಂದಿರಲಿಕ್ಕಿಲ್ಲ ಅಂತ ನಾನು ಅಂದುಕೊಂಡಿದ್ದೇನೆ. ಅದು ಇತಿಹಾಸ ಅಲ್ಲ, ನನ್ನ ಮಾತು ಅಂತಲೇ ಅವರಿಗೆ ಹೇಳಿ.

ಮಡಚಿದ ಪುಟ

ಹೇಳಿದೆ. "ಮೇಷ್ಟ್ರು ಅಲ್ವಾ ಅವರು?" ಅಂತ ಕೇಳಿ ನಕ್ಕಳು.

ಇವತ್ತು ಮೂರನೇ ಅಧ್ಯಾಯ ತೆಗೆದೆ. ಕೊನೆಯಲ್ಲಿ ಯೋಸೇಫನಿಂದ ಹಿಂದೆ ಹಿಂದೆ ಹೋಗಿ ಆದಾಮನ ತನಕ 70ಕ್ಕೂ ಜಾಸ್ತಿ ಹೆಸರು, ಒಂದರ ಹಿಂದೆ ಒಂದು. ನಾಲಿಗೆ ಹೊರಳದ ಹೆಸರುಗಳೇ. ಇದನ್ನಾದರೂ ಬಿಡಲಾ ಅಂತ ಕೇಳಿದೆ. ಒಂದೂ ಬಿಡಬೇಡ ಅಂದಳು. ಪೂರ್ತಿ ಓದಿದೆ, ನಡುವೆ ಎರಡು ಸಲ ತಪ್ಪಿ, ಎರಡು ಸಲವೂ ಸಿಕ್ಕಿಬಿದ್ದೆ.