ಪದಜಿಜ್ಞಾಸೆ: ‘ಡಿಟೆಕ್ಟರ್’ ಮತ್ತು ‘ಕ್ಯಾರೆಕ್ಟರೈಸೇಶನ್’ ಪದಗಳಿಗೆ ಕನ್ನಡ ರೂಪಗಳು

ಪದಾಸಕ್ತರಿಗೆ ನಮಸ್ಕಾರಗಳು.

ಬಾಹ್ಯಾಕಾಶ ದೂರದರ್ಶಕಗಳಲ್ಲಿ ಬೆಳಕನ್ನು ಹಿಡಿದು ವಿದ್ಯುತ್ ಸಂಕೇತವಾಗಿಸುವ ಡಿಟೆಕ್ಟರುಗಳ ಮೇಲೆ ಕೆಲಸ ಮಾಡಲು ಹೊಸದಾಗಿ ಸೇರುವ ಎಂಜಿನಿಯರುಗಳ ಹೊಣೆ ಏನೆಂಬುದನ್ನು ಪದವಿ ವಿದ್ಯಾರ್ಥಿಗಳಿಗೆ ವಿವರಿಸುವ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ಡಿಟೆಕ್ಟರ್. ‘ಶೋಧಕ’ ಎಂಬ ರೂಪ ಮೇಲುನೋಟಕ್ಕೆ ಸರಿಯೆನಿಸಿದರೂ ಇಲ್ಲಿ ತೊಡಕಾಗುತ್ತದೆ. ಶೋಧಿಸುವುದೆಂದರೆ ಹುಡುಕುವುದೂ ಹೌದು, ಸೋಸುವುದೂ ಹೌದು; ಡಿಟೆಕ್ಟರಿನ ಮುಂದೆಯೇ ಬೇಡದ ತರಂಗಾಂತರಗಳನ್ನು ತಡೆಯುವ ಫಿಲ್ಟರು ಇರುವುದರಿಂದ, ಬೆಳಕನ್ನು ತಡೆಯುವುದಕ್ಕೂ ಹಿಡಿಯುವುದಕ್ಕೂ ಒಂದೇ ಹೆಸರಾದರೆ ಓದುಗ ದಾರಿ ತಪ್ಪುತ್ತಾನೆ. ‘ಸಂವೇದಕ’ ರೂಢಿಯಲ್ಲಿದೆ, ಆದರೆ ಡಿಟೆಕ್ಟರಿನ ಪಕ್ಕದಲ್ಲೇ ಅದರ ಉಷ್ಣತೆಯನ್ನು ಅಳೆಯುವ ಸೆನ್ಸರುಗಳಿರುತ್ತವೆ, ಅವಕ್ಕೂ ಇದೇ ಹೆಸರು. ‘ಗ್ರಾಹಕ’ ಎಂದೊಡನೆ ಅಂಗಡಿ ನೆನಪಾಗುತ್ತದೆ, ‘ಪತ್ತೆಕಾರ’ ಎಂದರೆ ಪತ್ತೇದಾರಿ ಕಾದಂಬರಿ. ‘ಪತ್ತೆ’ಯ ಬಗ್ಗೆ ನನಗೆ ಇನ್ನೊಂದು ತಕರಾರೂ ಇದೆ: ಪತ್ತೆಯಾಯಿತು ಅಥವಾ ಆಗಲಿಲ್ಲ ಎಂಬಲ್ಲಿಗೆ ಆ ಮಾತು ಮುಗಿಯುತ್ತದೆ, ಆದರೆ ಈ ಉಪಕರಣ ಬೆಳಕು ಬಿಡುಗಡೆ ಮಾಡಿದ ಎಲೆಕ್ಟ್ರಾನುಗಳನ್ನು ಕೂಡಿಟ್ಟು ಅವು ಎಷ್ಟೆಂಬುದನ್ನು ತಿಳಿಸುತ್ತದೆ.

ಸಾರಗ್ರಾಹಿ, ಹೃದಯಗ್ರಾಹಿ ಎಂಬ ಪದಗಳು ನಮಗೆ ಪರಿಚಿತವಾಗಿರುವುದರಿಂದ ‘ದ್ಯುತಿಗ್ರಾಹಿ’ ಎಂದರೆ ಹೇಗೆ ಎಂಬುದು ನನ್ನ ಆಲೋಚನೆ. ದ್ಯುತಿಸಂಶ್ಲೇಷಣೆಯ ಮೂಲಕ ‘ದ್ಯುತಿ’ ಶಾಲೆಯ ಮಕ್ಕಳಿಗೂ ಗೊತ್ತು. ‘ಬೆಳಕುಗ್ರಾಹಿ’ ಎನ್ನಬಹುದಿತ್ತು, ಆದರೆ ಬೆಳಕೆಂದರೆ ಕಣ್ಣಿಗೆ ಕಾಣುವುದು ಎಂಬುದೇ ಸಾಮಾನ್ಯರ ಗ್ರಹಿಕೆ. ಡಿಟೆಕ್ಟರುಗಳಲ್ಲಿ ಸಾಮಾನ್ಯವಾಗಿ ಬಳಸುವ ಸಿಲಿಕಾನ್ ಸುಮಾರು 1.1 ಮೈಕ್ರೊಮೀಟರ್ ತರಂಗಾಂತರದವರೆಗಷ್ಟೇ ಸ್ಪಂದಿಸುವುದರಿಂದ, ಅದರಾಚೆಯ ಅವಕೆಂಪು ಕಿರಣಗಳಿಗಾಗಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಲ್ಲಿ ಪಾದರಸ, ಕ್ಯಾಡ್ಮಿಯಮ್ ಮತ್ತು ಟೆಲ್ಯುರಿಯಮ್‌ಗಳ ಸಂಯುಕ್ತದಿಂದ ಮಾಡಿದ ಡಿಟೆಕ್ಟರುಗಳನ್ನೂ ಬಳಸಿದ್ದಾರೆ. ಅವನ್ನೂ ಒಳಗೊಳ್ಳುವಷ್ಟು ವಿಶಾಲವಾದ ಪದ ಬೇಕು.

ಎರಡನೆಯದು, ನನಗೆ ಹೆಚ್ಚು ಕಷ್ಟವಾಗಿರುವುದು, ಕ್ಯಾರೆಕ್ಟರೈಸೇಶನ್. ಹೊಸ ಎಂಜಿನಿಯರಿನ ಮೊದಲ ವರ್ಷಗಳ ದುಡಿಮೆ ಬಹುಪಾಲು ಇದೇ. ಅನುವಾದಗಳಲ್ಲಿ ಇದು ‘ಪರೀಕ್ಷೆ’ ಎಂದಾಗಿಬಿಡುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆ ಇಲ್ಲವೇ ನಪಾಸು ಎಂಬ ತೀರ್ಪಿದೆ. ಮಾಪನಾಂಕ ನಿರ್ಣಯ (ಕ್ಯಾಲಿಬ್ರೇಶನ್) ಎಂದರೆ ಉಪಕರಣ ತೋರಿಸುವ ಸಂಖ್ಯೆಯನ್ನು ಗೊತ್ತಿರುವ ಪ್ರಮಾಣವೊಂದಕ್ಕೆ ಹೊಂದಿಸುವುದು. ಕ್ಯಾರೆಕ್ಟರೈಸೇಶನ್ ಇವೆರಡೂ ಅಲ್ಲ. ಒಂದೊಂದು ಡಿಟೆಕ್ಟರೂ ಯಾವ ಸ್ಥಿತಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಅಳೆದು ತಿಳಿಯುವ ಕೆಲಸ ಅದು. ನಕ್ಷತ್ರಗಳ ಸ್ಥಾನಗಳನ್ನು ಅಳೆಯಲು 2013ರಲ್ಲಿ ಹಾರಿದ ಗಯಾ ನೌಕೆಯ ನಾಭಿತಲದಲ್ಲಿ, ಅಂದರೆ ಬಿಂಬ ಮೂಡುವ ತಲದಲ್ಲಿ, 106 ಸಿಸಿಡಿಗಳಿದ್ದವು (ಸಿಸಿಡಿ ಎಂದರೆ ಸಿಲಿಕಾನಿನಿಂದ ಮಾಡಿದ ಒಂದು ಬಗೆಯ ಡಿಟೆಕ್ಟರ್). ಒಂದೇ ಬಗೆಯ ತಯಾರಿಕೆಯಿಂದ ಬಂದರೂ ಇಂಥ ಯಾವ ಎರಡೂ ತದ್ರೂಪವಾಗಿರುವುದಿಲ್ಲ.

ಕೆಲಸದ ಸ್ವರೂಪ ತಿಳಿದರೆ ಪದವನ್ನು ಆರಿಸುವುದು ಸುಲಭವಾದೀತೆಂದು ಒಂದಿಷ್ಟು ವಿವರ ಕೊಡುತ್ತೇನೆ. ಡಿಟೆಕ್ಟರನ್ನು ನಿರ್ವಾತ ಪಾತ್ರೆಯೊಳಗಿಟ್ಟು ತಣಿಸಿ, ಬೆಳಕನ್ನು ಪೂರ್ತಿ ಮುಚ್ಚಿ ಚಿತ್ರ ತೆಗೆದಾಗಲೂ ಸಂಕೇತ ಸೊನ್ನೆಯಾಗಿರುವುದಿಲ್ಲ, ಏಕೆಂದರೆ ಶಾಖದಿಂದಲೂ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತಿರುತ್ತವೆ. ಇದೇ ಡಾರ್ಕ್ ಕರೆಂಟ್. ‘ಕತ್ತಲಹರಿವು’ ಎಂದು ಬರೆದಿದ್ದೇನೆ. (‘ಕತ್ತಲೆ ವಿದ್ಯುತ್’ ಎಂದರೆ ವಿದ್ಯುತ್ ಕಡಿತದ ಸುದ್ದಿಯಂತೆ ಕೇಳುತ್ತದೆ.) ಹೆಚ್ಚು ತಣಿಸಿದಷ್ಟೂ ಇದು ಇಳಿಯುತ್ತದೆ, ಎಷ್ಟು ಇಳಿಯುತ್ತದೆಂಬುದನ್ನು ಹಲವು ಉಷ್ಣತೆಗಳಲ್ಲಿ ಅಳೆಯಬೇಕಾಗುತ್ತದೆ. ಇದರ ಸರಾಸರಿಯನ್ನು ಕಳೆದುಬಿಡಬಹುದು, ಆದರೆ ಅದೇ ಪಿಕ್ಸೆಲನ್ನು ಮತ್ತೆ ಮತ್ತೆ ಓದಿದಾಗ ಬರುವ ಸಣ್ಣ ವ್ಯತ್ಯಾಸಗಳನ್ನು, ಅಂದರೆ ನಾಯ್ಸ್ ಅನ್ನು, ಹಾಗೆ ಕಳೆಯಲಾಗದು. ಅದನ್ನು ‘ಗದ್ದಲ’ ಎನ್ನುವುದಕ್ಕಿಂತ ‘ಏರುಪೇರು’ ಎನ್ನುವುದೇ ಲೇಸು.

ಆ ಏರುಪೇರಿನಿಂದಲೇ ಉಪಯೋಗವನ್ನು ಪಡೆಯುವ ಒಂದು ಅಳತೆಯೂ ಇದೆ. ಒಂದೇ ಸಮನಾದ ಬೆಳಕನ್ನು ಹಂತಹಂತವಾಗಿ ಹೆಚ್ಚಿಸುತ್ತ, ಪ್ರತಿ ಹಂತದಲ್ಲೂ ಎರಡೆರಡು ಚಿತ್ರಗಳನ್ನು ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಪಿಕ್ಸೆಲಿಂದ ಪಿಕ್ಸೆಲಿಗಿರುವ ಸ್ಥಿರ ಭೇದಗಳು ಅಳಿದು, ಬೆಳಕಿನ ಕಣಗಳು ಯಾದೃಚ್ಛಿಕವಾಗಿ ಬರುವುದರಿಂದ ಆಗುವ ಏರುಪೇರು ಉಳಿಯುತ್ತದೆ. ಅದರ ಮಾನಕ ವಿಚಲನೆಯ ವರ್ಗವನ್ನು ಸರಾಸರಿ ಸಂಕೇತದ ಎದುರು ನಕ್ಷೆಯಲ್ಲಿ ಗುರುತಿಸಿದಾಗ, ಬರುವ ಗೆರೆಯ ಇಳಿಜಾರಿನಿಂದ ಗಣಕದಲ್ಲಿ ಕಾಣುವ ಒಂದು ಎಣಿಕೆ ಎಷ್ಟು ಎಲೆಕ್ಟ್ರಾನುಗಳಿಗೆ ಸಮವೆಂಬುದು ತಿಳಿಯುತ್ತದೆ, ದೀಪದ ನಿಖರವಾದ ಪ್ರಖರತೆ ಗೊತ್ತಿಲ್ಲದಿದ್ದರೂ. ಇದನ್ನು ಪರೀಕ್ಷೆ ಎನ್ನಲು ನನಗೆ ಮನಸ್ಸಿಲ್ಲ.

ಇನ್ನು ಸಿಸಿಡಿಯಲ್ಲಿ ಪ್ರತಿ ಪಿಕ್ಸೆಲಿನ ಎಲೆಕ್ಟ್ರಾನುಗಳು ಪಕ್ಕದ ಪಿಕ್ಸೆಲುಗಳ ಮೂಲಕ ಒಂದೊಂದೇ ಹೆಜ್ಜೆ ಸರಿದು ಅಂಚನ್ನು ತಲುಪಬೇಕು. ಒಂದು ಹೆಜ್ಜೆಗೆ ಶೇಕಡ 99.999 ಪಾಲು ಸಾಗಿದರೂ 4,000 ಹೆಜ್ಜೆಗಳ ನಂತರ ಸುಮಾರು ಶೇಕಡ 4ರಷ್ಟು ಹಿಂದುಳಿದಿರುತ್ತದೆ. ಬಾಹ್ಯಾಕಾಶದ ಪ್ರೋಟಾನುಗಳು ಸಿಲಿಕಾನ್ ಹರಳಿನಲ್ಲಿ ಊನಗಳನ್ನು ಉಂಟುಮಾಡಿ ಈ ನಷ್ಟವನ್ನು ಹೆಚ್ಚಿಸುವುದರಿಂದ, ಮಾದರಿ ಡಿಟೆಕ್ಟರುಗಳಿಗೆ ಭೂಮಿಯ ಮೇಲೆಯೇ ಪ್ರೋಟಾನು ವಿಕಿರಣವನ್ನು ತಾಗಿಸಿ ಅಳತೆಗಳನ್ನೆಲ್ಲ ಮತ್ತೊಮ್ಮೆ ಮಾಡುತ್ತಾರೆ. ಉಡಾವಣೆಯ ನಂತರವೂ ಸ್ವಭಾವ ಬದಲಾಗುತ್ತಲೇ ಇರುತ್ತದೆ. ಹಬಲ್ ದೂರದರ್ಶಕದ ಸಿಸಿಡಿಗಳನ್ನು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬೆಚ್ಚಗಾಗಿಸಿ, ವಿಕಿರಣದಿಂದ ಕತ್ತಲಹರಿವು ಅತಿಯಾಗಿ ಹೆಚ್ಚಿದ ಪಿಕ್ಸೆಲುಗಳಲ್ಲಿ ಹಲವನ್ನು ಸರಿಪಡಿಸುವ ಕ್ರಮವಿದೆ.

ಇಷ್ಟೆಲ್ಲವನ್ನೂ ಒಳಗೊಳ್ಳುವ ಪದವಾಗಿ ‘ಗುಣಲಕ್ಷಣ ನಿರೂಪಣೆ’ ಎಂದು ಬಳಸಬಹುದು. ಆದರೆ ನಿರೂಪಣೆಯಲ್ಲಿ ಹೇಳುವುದಿದೆಯೇ ಹೊರತು ಅಳೆಯುವುದಿಲ್ಲ. ‘ಗುಣಮಾಪನ’ ಎಂದರೆ ಗುಣಮಟ್ಟದ ತಪಾಸಣೆಯೆಂಬ ಭಾವನೆ ಬರುತ್ತದೆ. ‘ಗುಣಧರ್ಮ ಮಾಪನ’ ನಿರ್ದುಷ್ಟವಾಗಿದೆ, ಆದರೆ ಅದು ಸಿಲಿಕಾನ್ ಎಂಬ ದ್ರವ್ಯಕ್ಕೆ ಒಪ್ಪುವಷ್ಟು ಈ ಒಂದು ಡಿಟೆಕ್ಟರಿಗೆ ಒಪ್ಪುವುದಿಲ್ಲ. ಆದ್ದರಿಂದ ‘ಸ್ವಭಾವಮಾಪನ’ದ ಕಡೆ ನನ್ನ ಒಲವು. ನಿರ್ಜೀವ ವಸ್ತುವಿಗೆ ಸ್ವಭಾವವೆಲ್ಲಿಯದು ಎಂದು ಕೇಳುವವರಿರಬಹುದು; ಬೆಂಕಿಯ ಸ್ವಭಾವ, ನೀರಿನ ಸ್ವಭಾವ ಎಂದು ನಾವು ಮೊದಲಿನಿಂದಲೂ ಹೇಳುತ್ತ ಬಂದಿದ್ದೇವೆ.

ಹುದ್ದೆಯ ಹೆಸರನ್ನು ‘ಕಿರಿಯ ಎಂಜಿನಿಯರ್’ ಎಂದು ಬರೆದಿಲ್ಲ, ಅದು ಸರ್ಕಾರಿ ಇಲಾಖೆಗಳಲ್ಲಿ ಈಗಾಗಲೇ ಗೊತ್ತಾದ ಪದನಾಮ. ‘ವೃತ್ತಿಯ ಆರಂಭದಲ್ಲಿರುವ ಎಂಜಿನಿಯರ್’ ಉದ್ದವಾದರೂ ಸಾಕೆನಿಸಿದೆ.

ಜೀವಶಾಸ್ತ್ರದವರಲ್ಲಿ ವಿಶೇಷವಾಗಿ ಕೇಳಬೇಕಾದ್ದು ಒಂದಿದೆ. ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕಿಗೆ ಸ್ಪಂದಿಸುವ ಕೋಶಗಳಿಗೆ ‘ದ್ಯುತಿಗ್ರಾಹಿ’ ಎಂಬುದನ್ನೇ ನೀವು ಬಳಸುತ್ತಿದ್ದೀರಾ? ಹಾಗಿದ್ದರೆ ಸಂದರ್ಭದಿಂದ ಅರ್ಥ ಸ್ಪಷ್ಟವಾಗುತ್ತದೆಂದು ಎರಡೂ ಕಡೆ ಅದನ್ನೇ ಉಳಿಸಿಕೊಳ್ಳಬಹುದೇ, ಅಥವಾ ಉಪಕರಣಕ್ಕೆ ಬೇರೆಯೇ ಪದವನ್ನು ಹುಡುಕಬೇಕೇ?