ಕಣ್ಣು ಮುಚ್ಚಿಕೊಂಡು ಬೈದದ್ದು

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ಕೇಳಿದೆ. ಉತ್ತರ ಟೈಪ್ ಮಾಡಲು ಹೋಗಿ ನಾಲ್ಕು ಸಲ ಅಳಿಸಿದೆ. ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಕೆಲಸ ಮಾಡಿಕೊಂಡೇ ಕೇಳು. ಉಳಿದವರು ಬೇಕಿದ್ದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ, ನನಗೇನೂ ಬೇಜಾರಿಲ್ಲ.

ಈಗಷ್ಟೇ ಗ್ರೂಪ್ ತೆರೆದವರಿಗೆ ವಿಷಯ ಏನೆಂದು ಹೇಳಿಬಿಡುತ್ತೇನೆ. ಪುಟ್ಟಿಯ ಮಗನಿಗೆ 15 ವರ್ಷ. ಕಳೆದ ಭಾನುವಾರ ಎಲ್ಲರೂ ಚರ್ಚಿನ ಆರಾಧನೆಗೆ ಹೊರಟು ನಿಂತಾಗ, "ನಾನು ಬರಲ್ಲ. ಇದನ್ನೆಲ್ಲ ನಂಬುತ್ತೇನೋ ಇಲ್ವೋ ನನಗೇ ಗೊತ್ತಿಲ್ಲ" ಅಂದನಂತೆ. ಭಾವ ರೇಗಿದರಂತೆ. ಅವನು ರೂಮಿನ ಬಾಗಿಲು ಹಾಕಿಕೊಂಡನಂತೆ. ಇವಳು ಆರಾಧನೆ ಮುಗಿಯುವವರೆಗೂ ಅಳುತ್ತಾ ಕುಳಿತಿದ್ದಳಂತೆ. ಈಗ "ನಾವು ಎಲ್ಲಿ ತಪ್ಪಿದೆವು?" ಎಂದು ಕೇಳುತ್ತಿದ್ದಾಳೆ. ಅದಕ್ಕೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದ್ದಾರೆ. ಇದು ಕೊನೆಯ ದಿನಗಳ ಪೀಳಿಗೆ, ಮೊದಲು ಫೋನ್ ಕಿತ್ತುಕೊಳ್ಳಿ, ಎಲ್ಲ ತಾನಾಗಿ ಸರಿಹೋಗುತ್ತದೆ ಅಂತ.

ದೊಡ್ಡಪ್ಪ, ನೀವು ತಪ್ಪು ತಿಳಿಯಬಾರದು. ಫೋನ್ ಕಿತ್ತುಕೊಳ್ಳುವುದನ್ನು ನಾನು ಮಾಡಿ ನೋಡಿದ್ದೇನೆ. ಆ ಕತೆ ಮೊದಲು ಹೇಳುತ್ತೇನೆ. ಮಗಳನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳು ಅಪ್ಪಾ, ಆದರೆ ನಿನ್ನ ಭಾಗ ನುಂಗಬೇಡ" ಎಂದಿದ್ದಾಳೆ.

ಎರಡು ವರ್ಷದ ಹಿಂದಿನ ಮಾತು. ಅವಳಿಗೆ ಆಗ 16. ರಾತ್ರಿ 2 ಗಂಟೆಗೆ ನೀರು ಕುಡಿಯಲು ಎದ್ದೆ. ಅವಳ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು. ಒಳಗೆ ಹೋದವನೇ ಒಂದು ಮಾತೂ ಕೇಳದೆ ಕೈಯಿಂದ ಫೋನ್ ಕಿತ್ತುಕೊಂಡು ಬಂದೆ. ಅವಳು "ಅಪ್ಪಾ, ಒಂದು ನಿಮಿಷ, ಒಂದೇ ನಿಮಿಷ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಅವಳು ಮಾತೇ ಆಡಲಿಲ್ಲ. ಸಂಜೆ ಕುಟುಂಬ ಪ್ರಾರ್ಥನೆಗೆ ಎಲ್ಲರೂ ಕುಳಿತೆವು. ನಾನು ಕಣ್ಣು ಮುಚ್ಚಿ, ಗಂಭೀರ ಧ್ವನಿಯಲ್ಲಿ ಶುರು ಮಾಡಿದೆ. ಕರ್ತನೇ, ಈ ಮನೆಯಲ್ಲಿ ಮಧ್ಯರಾತ್ರಿಯವರೆಗೆ ಫೋನ್ ನೋಡುವವರ ಕಣ್ಣು ತೆರೆಸು. ಅಪ್ಪ ಅಮ್ಮನ ಕಷ್ಟ ಅರ್ಥವಾಗದವರಿಗೆ ಬುದ್ಧಿ ಕೊಡು. ಪರೀಕ್ಷೆ ಹತ್ತಿರ ಇದೆ ಅನ್ನುವುದನ್ನು ನೆನಪಿಸು. ಹೀಗೇ ಸಾಗಿತ್ತು.

ನಡುವೆ ಅವಳ ಧ್ವನಿ ಬಂತು. "ಅಪ್ಪಾ, ನನಗೆ ಹೇಳಬೇಕಾದ್ದನ್ನ ನನಗೇ ಹೇಳು. ದೇವರನ್ನ ಯಾಕೆ ಮಧ್ಯೆ ಕೂರಿಸ್ತೀಯ?"

ನಾನು ಕಣ್ಣು ಬಿಟ್ಟೆ. ನಿನ್ನ ಅತ್ತಿಗೆ ತಲೆ ತಗ್ಗಿಸಿ ಕುಳಿತಿದ್ದಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡೆ. ನಗು ತಡೆಯುತ್ತಿದ್ದಳಂತೆ. ಚಿಕ್ಕವನು ಮಾತ್ರ ಜೋರಾಗಿ "ಆಮೆನ್" ಅಂದುಬಿಟ್ಟ.

ಆಮೇಲೆ ಗೊತ್ತಾಯಿತು. ಆ ರಾತ್ರಿ ಅವಳ ಜೊತೆ ಓದುವ ಒಬ್ಬ ಹುಡುಗಿ ತುಂಬಾ ಕುಗ್ಗಿಹೋಗಿದ್ದಳಂತೆ. ಬದುಕುವುದೇ ಬೇಡ ಅನ್ನುವ ಮಾತು ಆಡುತ್ತಿದ್ದಳಂತೆ. ಇವಳು ಅವಳನ್ನು ಮಾತಲ್ಲಿ ಹಿಡಿದಿಟ್ಟುಕೊಂಡಿದ್ದಳು. ನಾನು ಕಿತ್ತುಕೊಂಡ ಮೇಲೆ ಇವಳು ಅಮ್ಮನನ್ನು ಎಬ್ಬಿಸಿ, ಅವಳ ಫೋನಿನಿಂದ ಆ ಹುಡುಗಿಯ ಅಮ್ಮನಿಗೆ ಕರೆ ಮಾಡಿಸಿದ್ದಳು. ಆ ಹುಡುಗಿ ಈಗ ಚೆನ್ನಾಗಿದ್ದಾಳೆ. ನಾನು ಮಾತ್ರ ಒಳಗೆ ಹೋಗಿ, ಕರ್ತವ್ಯ ಮುಗಿಸಿದ ತೃಪ್ತಿಯಲ್ಲಿ ನಿದ್ದೆ ಮಾಡಿದ್ದೆ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕತೆಯಲ್ಲಿ ಗಾಯಗೊಂಡವನನ್ನು ನೋಡಿಯೂ ಪಕ್ಕಕ್ಕೆ ಸರಿದು ಹೋಗುವವರು ಯಾಜಕ ಮತ್ತು ಲೇವಿಯ, ಅಂದರೆ ದೇವಾಲಯದ ಜನರೇ. ಆ ಕತೆ ಸಂಡೇ ಸ್ಕೂಲಿನಲ್ಲಿ ನಾನೇ ಎಷ್ಟು ಸಲ ಹೇಳಿಕೊಟ್ಟಿದ್ದೇನೋ.

ಫೋನ್ ಒಳ್ಳೆಯದು ಎಂದು ವಾದಿಸಲು ಇದನ್ನು ಹೇಳುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನನ್ನು ಚುಚ್ಚಿದ್ದು ಅವಳ ಆ ಪ್ರಶ್ನೆ. ಅವಳು ಎಷ್ಟು ವರ್ಷದಿಂದ ಅದನ್ನು ಗಮನಿಸಿದ್ದಳೋ! ನಮ್ಮ ಮನೆಯಲ್ಲಿ ಪ್ರಾರ್ಥನೆ ಅಂದರೆ ಅಪ್ಪ ಕಣ್ಣು ಮುಚ್ಚಿಕೊಂಡು ಬೈಯುವ ಹೊತ್ತು ಎಂದಾಗಿತ್ತು. ಎದುರುತ್ತರ ಕೊಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಪುಟ್ಟಿ, ನಮ್ಮ ಅಪ್ಪ ಕೂಡ ಹಾಗೇ ಮಾಡುತ್ತಿದ್ದರು, ನೆನಪಿದೆಯಾ? ನನ್ನ ಗಣಿತದ ಮಾರ್ಕ್ಸ್ ದೇವರಿಗೆ ಗೊತ್ತಾಗುತ್ತಿದ್ದದ್ದೇ ಅಪ್ಪನ ಬಾಯಿಂದ.

ನೀನು ಕೇಳಿದೆಯಲ್ಲ, ಎಲ್ಲಿ ತಪ್ಪಿದೆವು ಅಂತ. ನಿಮ್ಮ ಮನೆಯದು ನನಗೆ ಗೊತ್ತಿಲ್ಲ. ನಾನು ತಪ್ಪಿದ್ದು ಅಲ್ಲಿ.

ಈಗ ದೊಡ್ಡಪ್ಪನ ಫಾರ್ವರ್ಡ್ ವಿಷಯ. ಕೊನೆಯ ದಿನಗಳಲ್ಲಿ ಮಕ್ಕಳು ತಂದೆತಾಯಿಗೆ ಅವಿಧೇಯರಾಗುತ್ತಾರೆ ಎಂಬ ಮಾತು ಬರುವುದು ಬೈಬಲಿನಲ್ಲಿ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 3ನೇ ಅಧ್ಯಾಯದಲ್ಲಿ. ಸರಿ. ಆದರೆ ಅದೇ ಪತ್ರದ 1ನೇ ಅಧ್ಯಾಯದಲ್ಲಿ ಒಂದು ಅಜ್ಜಿ ಬರುತ್ತಾಳೆ, ಲೋವಿ. ಒಬ್ಬ ಅಮ್ಮ ಬರುತ್ತಾಳೆ, ಯೂನಿಕೆ. ತಿಮೊಥೆಯನಲ್ಲಿರುವ ನಂಬಿಕೆ ಮೊದಲು ಇವರಲ್ಲಿ ಇತ್ತು ಎಂದು ಹೇಳಿದೆ. ಅವನ ಅಪ್ಪ ಗ್ರೀಕ್ ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಲುಸ್ತ್ರ ಎಂಬ ಊರು ಅವನ ಕತೆ ಶುರುವಾಗುವ ಕಡೆ. ಅದೇ ಲುಸ್ತ್ರದ ಜನ ಪೌಲ ಬಾರ್ನಬರನ್ನು ಕಂಡು ಇವರು ಜೀಯಸ್, ಹೆರ್ಮೆಸ್ ಎಂಬ ಗ್ರೀಕ್ ದೇವತೆಗಳು ಎಂದು ಬಲಿ ಕೊಡಲು ಹೊರಟವರು. ಅಂದರೆ ಆ ಹುಡುಗ ಬೆಳೆದ ಮನೆಯಲ್ಲಿ ಎಲ್ಲರೂ ಒಂದೇ ರೀತಿ ಇರಲಿಲ್ಲ. ಹೊರಗಿನ ಜಗತ್ತಂತೂ ಬೇರೆಯೇ ಇತ್ತು. ನಮ್ಮ ಕಾಲ ಮಾತ್ರ ಕೆಟ್ಟದ್ದು, ಹಿಂದೆ ಎಲ್ಲ ಸುಲಭ ಇತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಎಫೆಸದವರಿಗೆ ಬರೆದ ಪತ್ರದ 6:1, ತಂದೆತಾಯಿಯ ಮಾತು ಕೇಳಿರಿ ಅಂತ. 6:4ರಲ್ಲಿ ತಂದೆಗಳಿಗೆ, ಮಕ್ಕಳನ್ನು ಕೆಣಕಿ ಕೋಪ ಬರಿಸಬೇಡಿ ಎಂದಿದೆ. ಅದನ್ನು ಯಾರೂ ಬಾಯಿಪಾಠ ಮಾಡಿಸಲಿಲ್ಲ ನಮಗೆ. ಭಾವ, ಕೇಳುತ್ತಿದ್ದೀರಾ? ನಿಮಗೆ ಬುದ್ಧಿ ಹೇಳುತ್ತಿಲ್ಲ, ನಾನೂ ಅದೇ ಸಾಲಿನವನು.

ನಿನ್ನ ಮಗ "ಗೊತ್ತಿಲ್ಲ" ಅಂದನಲ್ಲ, ಅದಕ್ಕೆ ನನಗೆ ಅಷ್ಟು ಭಯವಾಗಲಿಲ್ಲ. ಧರ್ಮೋಪದೇಶಕಾಂಡ 6ನೇ ಅಧ್ಯಾಯ ತೆಗೆದು ನೋಡು. ಮಕ್ಕಳಿಗೆ ಕಲಿಸಬೇಕು, ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಬೇಕು ಅನ್ನುವ ಭಾಗ ನಮಗೆಲ್ಲ ಗೊತ್ತು. ಅದಕ್ಕೂ ಮೊದಲು, ಈ ಮಾತುಗಳು ನಿನ್ನ ಹೃದಯದಲ್ಲಿರಲಿ ಎಂದು ದೊಡ್ಡವರಿಗೆ ಹೇಳಿದೆ. ಇನ್ನೂ ಕೆಳಗೆ ಹೋದರೆ 20ನೇ ವಚನದಲ್ಲಿ, ಮುಂದೆ ನಿನ್ನ ಮಗ ಇದಕ್ಕೆಲ್ಲ ಅರ್ಥವೇನು ಎಂದು ಕೇಳಿದಾಗ, ಅಂತ ಬರುತ್ತದೆ. ನೋಡು, ಮಗ ಕೇಳಿಯೇ ಕೇಳುತ್ತಾನೆ ಎಂದು ಅಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ವಿಷಯದಲ್ಲೂ ಹಾಗೇ, ಹೊಳೆ ದಾಟಿದ ನೆನಪಿಗೆ ಯೊರ್ದನ್‌ನಿಂದ ತಂದ 12 ಕಲ್ಲುಗಳ ವಿಷಯದಲ್ಲೂ ಹಾಗೇ. ಮಕ್ಕಳು ಕೇಳಲಿ ಎಂದೇ ಕಲ್ಲು ನಿಲ್ಲಿಸಿದ್ದು.

ಕೇಳಿದ ಮಗನಿಗೆ ಏನು ಉತ್ತರ? ಕೇಳಬೇಡ, ಸುಮ್ನೆ ನಂಬು ಎಂದಿಲ್ಲ. ನಾವು ಐಗುಪ್ತದಲ್ಲಿ ಫರೋಹನಿಗೆ ಗುಲಾಮರಾಗಿದ್ದೆವು, ದೇವರು ನಮ್ಮನ್ನು ಹೊರಗೆ ತಂದನು ಎಂದು ಹೇಳು ಎಂದಿದೆ. ಕತೆ ಹೇಳು ಅಂತ. ಅದೂ ನಮ್ಮದೇ ಕತೆ.

ಇಲ್ಲೇ ನಾನು ಸಿಕ್ಕಿಬಿದ್ದದ್ದು. ಮಗಳು ಒಂದು ದಿನ "ನೀನು ಯಾಕೆ ನಂಬ್ತೀಯ?" ಎಂದು ಕೇಳಿದಾಗ ನನ್ನ ಬಾಯಲ್ಲಿ ಬಂದದ್ದು ಪಾಸ್ಟರ್ ಹೇಳುವ ವಾಕ್ಯಗಳು. ಅವಳು ಆಕಳಿಸಿದಳು. ಆಮೇಲೆ ಮೆಲ್ಲಗೆ, ಅವಳು ಹುಟ್ಟುವುದಕ್ಕೆ ಮೊದಲು ನನಗೆ ಕೆಲಸ ಹೋದ ಆ ಎಂಟು ತಿಂಗಳ ಕತೆ ಹೇಳಿದೆ. ರಾತ್ರಿ ನಿದ್ದೆ ಬರದೆ ಕೀರ್ತನೆ 13 ಓದುತ್ತಿದ್ದೆ. ದೇವರೇ, ಇನ್ನೆಷ್ಟು ದಿನ ನನ್ನನ್ನು ಮರೆತುಬಿಡುತ್ತೀ ಎಂದು ಕೇಳುವ ಕೀರ್ತನೆ ಅದು. ಕೆಲವು ರಾತ್ರಿ ಯಾರೂ ಕೇಳುತ್ತಿಲ್ಲ ಅನ್ನಿಸುತ್ತಿತ್ತು, ಅದನ್ನೂ ಹೇಳಿದೆ. ಅವಳು ಎದ್ದು ಕುಳಿತಳು. "ನಿನಗೂ ಡೌಟ್ ಬಂದಿತ್ತಾ?" ಎಂದಳು. 16 ವರ್ಷ ಒಂದೇ ಮನೆಯಲ್ಲಿದ್ದೂ ಅವಳಿಗೆ ಅದು ಗೊತ್ತಿರಲಿಲ್ಲ. ಹೇಳಿದರೆ ಅವಳ ನಂಬಿಕೆ ಸಡಿಲವಾಗುತ್ತದೆ ಎಂದು ನಾನೇ ಮುಚ್ಚಿಟ್ಟಿದ್ದೆ.

ಮಾರ್ಕನ 9ನೇ ಅಧ್ಯಾಯದಲ್ಲಿ ಒಬ್ಬ ಅಪ್ಪ ಇದ್ದಾನೆ. ಮಗನಿಗೆ ಹುಷಾರಿಲ್ಲ. ನಂಬುತ್ತೇನೆ, ನನ್ನಲ್ಲಿರುವ ಅಪನಂಬಿಕೆಗೂ ಸಹಾಯ ಮಾಡು ಎಂದು ಯೇಸುವಿನ ಮುಂದೆ ಕೂಗುತ್ತಾನೆ. ಮೊದಲು ಪೂರ್ತಿ ನಂಬಿ ಬಾ ಎಂದು ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ನಿನ್ನ ಮಗ ಅಂದ "ನಂಬುತ್ತೇನೋ ಇಲ್ವೋ" ಅನ್ನುವುದಕ್ಕೂ ಇದಕ್ಕೂ ಎಷ್ಟು ದೂರ ಹೇಳು?

ಫೋನ್ ವಿಷಯಕ್ಕೆ ಬರುತ್ತೇನೆ ಅಂದೆನಲ್ಲ. ಅದರ ಬಗ್ಗೆ ನನಗೂ ಸಿಟ್ಟಿದೆ, ಆದರೆ ಮಕ್ಕಳ ಮೇಲಲ್ಲ. ಮೊದಲೆಲ್ಲ ಒಂದು ಪುಟ ಮುಗಿದರೆ "ಮುಂದಿನ ಪುಟ" ಎಂದು ಒತ್ತಬೇಕಿತ್ತು. ಕೈ ಒಂದು ಕ್ಷಣ ನಿಲ್ಲುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಆ ನಿಲ್ಲುವ ಜಾಗವನ್ನೇ ತೆಗೆದು, ಮುಗಿಯದೆ ಕೆಳಗೆ ಜಾರುತ್ತಲೇ ಇರುವ ಪುಟ ಮಾಡಿದ. ಮುಂದೆ ಅವನೇ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟ. ದೊಡ್ಡವರಾದ ನಮ್ಮ ಬೆರಳೇ ನಿಲ್ಲುವುದಿಲ್ಲ. 15ರ ಹುಡುಗನಿಗೆ ಮನಸ್ಸು ಗಟ್ಟಿ ಮಾಡಿಕೋ ಎಂದರೆ ಹೇಗೆ?

ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು, ಸಬ್ಬತ್ತಿನ ದಿನ ಪಾಲಿಸು ಅನ್ನುವುದು, ನನಗೆ ಹೊಸದಾಗಿ ಅರ್ಥವಾದದ್ದು ಇಲ್ಲಿ. ಸಬ್ಬತ್ತು ಅಂದರೆ ನಿಲ್ಲಿಸುವುದು. ಮಗ, ಮಗಳು, ಆಳು, ಎತ್ತು, ಕತ್ತೆ, ಎಲ್ಲರೂ. ನೀನು ಗುಲಾಮನಾಗಿದ್ದೆ, ನೆನಪಿರಲಿ ಎಂದು ಧರ್ಮೋಪದೇಶಕಾಂಡ 5ರಲ್ಲಿ ಕಾರಣವನ್ನೂ ಕೊಟ್ಟಿದೆ. ನಿಲ್ಲಿಸಲು ಆಗದವನೇ ಗುಲಾಮ. ನಮ್ಮ ಮನೆಯಲ್ಲಿ ಭಾನುವಾರ ಸಂಜೆ 6ರವರೆಗೆ ಎಲ್ಲ ಫೋನೂ ಒಂದೇ ಡ್ರಾಯರಿನಲ್ಲಿ. ನನ್ನದೂ ಸೇರಿ. ಮೊದಲ ವಾರ ನಿಯಮ ಮುರಿದದ್ದು ಯಾರು ಗೊತ್ತಾ? ನಾನೇ, ಮೂರು ಸಲ. ಆಫೀಸಿನ ಮೆಸೇಜ್ ಎಂದು ನೆಪ ಹೇಳಿದೆ. ಚಿಕ್ಕವನು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಗೆರೆ ಎಳೆದ. ಈಗಲೂ ಎಳೆಯುತ್ತಾನೆ. ತುರ್ತು ಇದ್ದರೆ ಕೇಳಿ ತೆಗೆಯಬಹುದು, ಆ 2 ಗಂಟೆಯ ರಾತ್ರಿಯಿಂದ ಅಷ್ಟಾದರೂ ಕಲಿತೆವು.

ಇನ್ನು ಭಾನುವಾರ ಅವನನ್ನು ಎಳೆದುಕೊಂಡು ಹೋಗಬೇಕೋ ಬಿಡಬೇಕೋ ಎಂದು ನೀನು ಕೇಳಿದೆಯಲ್ಲ. ಅದನ್ನು ನೀನು ಮತ್ತು ಭಾವ ಕೂತು ತೀರ್ಮಾನಿಸಬೇಕು. ನಾವು ಮಾಡಿದ್ದು ಹೇಳುತ್ತೇನೆ. ಮಗಳಿಗೂ ಆ ವರ್ಷ ಬೇಡ ಅನ್ನಿಸಿತ್ತು. ನಮ್ಮ ಜೊತೆ ಬಂದು ಕೂರು, ಅದೂ ಮನೆಯವಳಾಗಿ. ಹಾಡಲು ಮನಸ್ಸಿಲ್ಲದಿದ್ದರೆ ಹಾಡಬೇಡ. ಕರ್ತನ ಭೋಜನಕ್ಕೆ, ಆ ರೊಟ್ಟಿ ದ್ರಾಕ್ಷಾರಸಕ್ಕೆ, ಒಪ್ಪಿಗೆ ಇಲ್ಲದೆ ಕೈ ಚಾಚಬೇಡ, ಯಾಕೆ ಎದ್ದು ಮುಂದೆ ಹೋಗಲಿಲ್ಲ ಎಂದು ನಾವು ಕೇಳುವುದಿಲ್ಲ, ಎಂದೆವು. ನಾಟಕ ಮಾತ್ರ ಬೇಡ ಎಂದೆವು. ಒಬ್ಬಿಬ್ಬರು ಹಿಂದಿನಿಂದ ಪಿಸುಗುಟ್ಟಿದರು. ಪಿಸುಗುಟ್ಟಲಿ. ಹನ್ನೊಂದು ತಿಂಗಳು ಅವಳು ಎದ್ದು ಹೋಗಲಿಲ್ಲ. ಈಗ ಕೆಲವು ಸಲ ಹೋಗುತ್ತಾಳೆ, ಕೆಲವು ಸಲ ಇಲ್ಲ. ನಾನು ಎಣಿಸುವುದನ್ನು ಬಿಟ್ಟಿದ್ದೇನೆ. ಸುಳ್ಳು, ಇನ್ನೂ ಎಣಿಸುತ್ತೇನೆ. ಬಾಯಿ ಮಾತ್ರ ಬಿಡುವುದಿಲ್ಲ.

ಮುಂದೆ ಸಭೆಯ ದೊಡ್ಡ ಗುರುವಾದ ಅಗಸ್ಟೀನನ ಅಮ್ಮ ಮೋನಿಕಾ ಮಗನಿಗಾಗಿ ಅತ್ತದ್ದು ನಮಗೆಲ್ಲ ಗೊತ್ತು. ಅವಳು ಒಬ್ಬ ಬಿಷಪ್ ಹತ್ತಿರ ಹೋಗಿ, ಮಗನ ಜೊತೆ ವಾದ ಮಾಡಿ ಎಂದು ಕಾಡಿದಳು. ಆತ ಒಪ್ಪಲಿಲ್ಲ. ಈಗ ಅವನನ್ನು ಬಿಡು, ಅವನಿಗಾಗಿ ಪ್ರಾರ್ಥಿಸು, ಓದುತ್ತಾ ಓದುತ್ತಾ ಅವನಿಗೇ ತಿಳಿಯುತ್ತದೆ ಎಂದ. ಮುಂದೆ ಮಗ ಸುಳ್ಳು ಹೇಳಿ ಅವಳನ್ನು ಬಿಟ್ಟು ಹಡಗು ಹತ್ತಿ ರೋಮಿಗೆ ಹೋದ. ಆ ರಾತ್ರಿ ಅವಳು ಬೇಡುತ್ತಿದ್ದದ್ದೇ ಅವನು ಹೋಗಬಾರದು ಅಂತ. ಆ ಪ್ರಯಾಣವೇ ಮುಂದೆ ಅವನನ್ನು ಮಿಲಾನಿಗೆ, ಅಲ್ಲಿನ ಬಿಷಪ್ ಅಂಬ್ರೋಸನ ಹತ್ತಿರ ಮುಟ್ಟಿಸಿತು. 387ರಲ್ಲಿ ದೀಕ್ಷಾಸ್ನಾನ ಆದಾಗ ಅವನಿಗೆ 32 ವರ್ಷ. ನಮಗೆ 15ಕ್ಕೇ ಎಲ್ಲ ಆಗಿಬಿಡಬೇಕು, ಅಲ್ವಾ?

ಈಗ ನಾನು ಮಕ್ಕಳಿಗಾಗಿ ಪ್ರಾರ್ಥಿಸುವುದು ಅವರು ಮಲಗಿದ ಮೇಲೆ. ಅಲ್ಲಿ ಬೈಗುಳ ಅಷ್ಟು ಬರುವುದಿಲ್ಲ, ಕೇಳಿಸಿಕೊಳ್ಳಲು ಅವರಿಲ್ಲವಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಬಗ್ಗೆ ಮಾತ್ರ ಬೇಡಬೇಕು ಎಂದು ಮಗಳು ನಿಯಮ ಹಾಕಿದ್ದಾಳೆ. ಶುರುವಿನಲ್ಲಿ ಎರಡು ನಿಮಿಷಕ್ಕೆ ಮಾತು ಮುಗಿದುಹೋಗುತ್ತಿತ್ತು.

ಪುಟ್ಟಿ, ಬಾಗಿಲು ಹಾಕಿಕೊಂಡ ಹುಡುಗನಿಗೆ ಇವತ್ತು ಏನೂ ಬೋಧಿಸಬೇಡ. ರೇಗಿದ್ದಕ್ಕೆ ಭಾವ ಒಂದು ಸಲ ಕ್ಷಮೆ ಕೇಳಲಿ, ಸಾಧ್ಯವಾದರೆ. ನಿನ್ನೆ ಅವನು ನನಗೆ ಚೆಸ್ ಆಡಲು ಬರ್ತೀರಾ ಮಾವಾ ಎಂದು ಮೆಸೇಜ್ ಹಾಕಿದ್ದ. ಶನಿವಾರ ಅವನನ್ನು ನಮ್ಮ ಮನೆಗೇ ಕಳಿಸು. ದೇವರ ವಿಷಯ ನಾನಾಗಿ ಎತ್ತುವುದಿಲ್ಲ, ಮಾತು ಕೊಡುತ್ತೇನೆ. ಮಗಳೂ ಇರುತ್ತಾಳೆ. ಅವಳು ಎತ್ತಿದರೆ ಮಾತ್ರ ನಾನು ಜವಾಬ್ದಾರನಲ್ಲ.